ಓದುಗರ ಪ್ರಶ್ನೆ: ಪಾಸ್‌ವರ್ಡ್ ಅವಧಿ ಮುಗಿದಾಗ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಕಚೇರಿ ಕಂಪ್ಯೂಟರಿನ ಪಾಸ್‌ವರ್ಡ್ ಅವಧಿಯ ಬಗ್ಗೆಯೇ ಇದ್ದವು. ಹಾಗಾಗಿ ಅವನ್ನೆಲ್ಲ ಒಂದೇ ಕಡೆ ಉತ್ತರಿಸಿದ್ದೇವೆ. ಕಮಾಂಡುಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಪ್ರಶ್ನೆ: ನಮ್ಮದು ಎಂಟು ಕಂಪ್ಯೂಟರುಗಳ ಸಣ್ಣ ಕಚೇರಿ, ಸರ್ವರ್ ಇಲ್ಲ. ಎಲ್ಲದರಲ್ಲೂ ವಿಂಡೋಸ್ 11 ಇದೆ. ಮೂರು ಕಂಪ್ಯೂಟರುಗಳು ಮಾತ್ರ ಹೆಚ್ಚುಕಡಿಮೆ ಒಂದೂವರೆ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಿ ಎನ್ನುತ್ತವೆ, ಉಳಿದವು ಏನೂ ಕೇಳುವುದಿಲ್ಲ. ಯಾಕೆ ಹೀಗೆ? ಇದನ್ನು ನಿಲ್ಲಿಸುವುದು ಹೇಗೆ?

ಉತ್ತರ: ಆ ಒಂದೂವರೆ ತಿಂಗಳು ಸರಿಯಾಗಿ ಹೇಳಬೇಕೆಂದರೆ 42 ದಿನ. ವಿಂಡೋಸ್ ತಾನಾಗಿ ಇಟ್ಟುಕೊಂಡಿರುವ ಗರಿಷ್ಠ ಅವಧಿ ಅದು. ಎಂಟೂ ಕಂಪ್ಯೂಟರುಗಳಲ್ಲಿ ಈ ಸಂಖ್ಯೆ ಇದ್ದೇ ಇರುತ್ತದೆ. ಆದರೆ ಪ್ರತಿ ಖಾತೆಗೂ ‘ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್’ ಎಂಬ ಪ್ರತ್ಯೇಕ ಟಿಕ್ ಒಂದಿದೆ, ಅದು ಬಿದ್ದಿರುವ ಖಾತೆಗೆ 42 ದಿನದ ಲೆಕ್ಕ ಅನ್ವಯಿಸುವುದಿಲ್ಲ. ನಿಮ್ಮ ಆ ಮೂರು ಕಂಪ್ಯೂಟರುಗಳಲ್ಲಿ ಖಾತೆಯನ್ನು ಬಹುಶಃ ಕಮಾಂಡ್ ಮೂಲಕವೋ ಬೇರೆ ವಿಧಾನದಲ್ಲೋ ಸೃಷ್ಟಿಸಿದ್ದಾರೆ, ಟಿಕ್ ಬಿದ್ದಿಲ್ಲ.

ಏನನ್ನೂ ಬದಲಿಸುವ ಮೊದಲು ಈಗಿನ ಸ್ಥಿತಿ ನೋಡಿಕೊಳ್ಳಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಟರ್ಮಿನಲ್ ಅನ್ನು ಅಡ್ಮಿನ್ ಆಗಿ ತೆರೆಯಿರಿ. ‘ನೆಟ್ ಯೂಸರ್’ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಖಾತೆಯ ಹೆಸರು ಕೊಟ್ಟು ಎಂಟರ್ ಒತ್ತಿ. ಬರುವ ಪಟ್ಟಿಯಲ್ಲಿ ಎರಡು ಸಾಲು ಮುಖ್ಯ: ‘ಪಾಸ್‌ವರ್ಡ್ ಲಾಸ್ಟ್ ಸೆಟ್’ ಎಂದರೆ ಕೊನೆಗೆ ಬದಲಿಸಿದ ದಿನ, ‘ಪಾಸ್‌ವರ್ಡ್ ಎಕ್ಸ್‌ಪೈರ್ಸ್’ ಎಂದರೆ ಮುಗಿಯುವ ದಿನ. ಎರಡನೆಯದರ ಎದುರು ‘ನೆವರ್’ ಎಂದಿದ್ದರೆ ಆ ಖಾತೆಗೆ ಗಡುವಿಲ್ಲ. ಇಡೀ ಕಂಪ್ಯೂಟರಿನ ನಿಯಮ ನೋಡಲು ‘ನೆಟ್ ಅಕೌಂಟ್ಸ್’ ಸಾಕು.

ಗಡುವು ತೆಗೆಯಲು ಎರಡು ದಾರಿ. ಒಂದೇ ಖಾತೆಗೆ ಸಾಕು ಎಂದರೆ, ವಿಂಡೋಸ್ ಪ್ರೊ ಆವೃತ್ತಿಯಲ್ಲಿ ವಿಂಡೋಸ್ ಕೀ ಮತ್ತು ಆರ್ ಒತ್ತಿ ‘ಎಲ್‌ಯುಎಸ್‌ಆರ್‌ಎಂಜಿಆರ್ ಡಾಟ್ ಎಂಎಸ್‌ಸಿ’ ತೆರೆಯಿರಿ. ಯೂಸರ್ಸ್ ಫೋಲ್ಡರಿನಲ್ಲಿ ಖಾತೆಯ ಮೇಲೆ ಡಬಲ್ ಕ್ಲಿಕ್ ಮಾಡಿ ಆ ಟಿಕ್ ಹಾಕಿ. ಟಿಕ್ ಹಾಕಲು ಬಿಡುತ್ತಿಲ್ಲ ಎಂದಾದರೆ ಮೇಲಿರುವ ‘ಯೂಸರ್ ಮಸ್ಟ್ ಚೇಂಜ್ ಪಾಸ್‌ವರ್ಡ್ ಅಟ್ ನೆಕ್ಸ್ಟ್ ಲಾಗಾನ್’ ಆಯ್ಕೆ ಆನ್ ಆಗಿದೆ ಎಂದರ್ಥ, ಮೊದಲು ಅದನ್ನು ತೆಗೆಯಿರಿ. ಹೋಮ್ ಆವೃತ್ತಿಯಲ್ಲಿ ಈ ಕಿಟಕಿಯೇ ತೆರೆಯುವುದಿಲ್ಲ. ಅಲ್ಲಿ ಪವರ್‌ಶೆಲ್ ಅನ್ನು ಅಡ್ಮಿನ್ ಆಗಿ ತೆರೆದು ‘ಸೆಟ್-ಲೋಕಲ್‌ಯೂಸರ್ -ನೇಮ್ ಖಾತೆಯಹೆಸರು -ಪಾಸ್‌ವರ್ಡ್‌ನೆವರ್‌ಎಕ್ಸ್‌ಪೈರ್ಸ್ 1’ ಎಂದು ಕೊಡಿ. ಕೊನೆಯಲ್ಲಿ 1ರ ಬದಲು 0 ಕೊಟ್ಟರೆ ಗಡುವು ಮರಳುತ್ತದೆ.

ಎರಡನೆಯ ದಾರಿ ಇಡೀ ಕಂಪ್ಯೂಟರಿನ ಸಂಖ್ಯೆಯನ್ನೇ ಬದಲಿಸುವುದು. ‘ನೆಟ್ ಅಕೌಂಟ್ಸ್’ ಎಂದು ಬರೆದು, ಸ್ಪೇಸ್ ಬಿಟ್ಟು, ಓರೆಗೆರೆ (/) ಹಾಕಿ, ‘ಮ್ಯಾಕ್ಸ್’, ‘ಪಿಡಬ್ಲ್ಯು’, ‘ಏಜ್’ ಮೂರನ್ನೂ ಕೂಡಿಸಿ ಬರೆದು, ಕೋಲನ್ ಇಟ್ಟು, ದಿನಗಳ ಸಂಖ್ಯೆ ಕೊಡಿ. ಸಂಖ್ಯೆಯ ಜಾಗದಲ್ಲಿ ‘ಅನ್‌ಲಿಮಿಟೆಡ್’ ಎಂದರೆ ಗಡುವೇ ಇಲ್ಲ. ಮೌಸ್ ಕೆಲಸವೇ ಇಷ್ಟ ಎನ್ನುವವರಿಗೆ ಪ್ರೊ ಆವೃತ್ತಿಯಲ್ಲಿ ‘ಸೆಕ್‌ಪೋಲ್ (ಎಸ್, ಇ, ಸಿ, ಪಿ, ಓ, ಎಲ್) ಡಾಟ್ ಎಂಎಸ್‌ಸಿ’ ಇದೆ: ಅಕೌಂಟ್ ಪಾಲಿಸೀಸ್, ಅದರೊಳಗೆ ಪಾಸ್‌ವರ್ಡ್ ಪಾಲಿಸಿ, ಅದರಲ್ಲಿ ‘ಮ್ಯಾಕ್ಸಿಮಮ್ ಪಾಸ್‌ವರ್ಡ್ ಏಜ್’. ಇಲ್ಲಿ 0ಯಿಂದ 999ರವರೆಗೆ ಕೊಡಬಹುದು, 0 ಎಂದರೆ ಎಂದಿಗೂ ಮುಗಿಯುವುದಿಲ್ಲ.

ಇಲ್ಲೊಂದು ಬಲೆ ಇದೆ. ಈಗ ಗಡುವು ತೆಗೆದು, ಎರಡು ವರ್ಷದ ನಂತರ ಯಾರೋ ಹೇಳಿದರೆಂದು 90 ದಿನ ಎಂದು ಮತ್ತೆ ಹಾಕಿದರೆ, ಲೆಕ್ಕ ಆ ದಿನದಿಂದ ಶುರುವಾಗುವುದಿಲ್ಲ. ಪಾಸ್‌ವರ್ಡ್ ಕೊನೆಗೆ ಬದಲಾದ ದಿನದಿಂದಲೇ ಎಣಿಸುತ್ತದೆ. 90 ದಿನಕ್ಕಿಂತ ಹಳೆಯ ಪಾಸ್‌ವರ್ಡುಗಳೆಲ್ಲ ಆ ಕ್ಷಣವೇ ಅವಧಿ ಮೀರಿದವಾಗುತ್ತವೆ. ಬೆಳಿಗ್ಗೆ ಕಚೇರಿಗೆ ಬಂದ ಎಲ್ಲರಿಗೂ ಏಕಕಾಲಕ್ಕೆ ಹೊಸ ಪಾಸ್‌ವರ್ಡ್ ಕೇಳುವುದು ಹೀಗೆಯೇ.

ಕಂಪ್ಯೂಟರಿಗೆ ಮೈಕ್ರೋಸಾಫ್ಟ್ ಖಾತೆಯಿಂದ, ಅಂದರೆ ಇಮೇಲ್ ವಿಳಾಸದಿಂದ ಲಾಗಿನ್ ಆಗುತ್ತಿದ್ದರೆ ಮೇಲಿನ ಯಾವುದೂ ಕೆಲಸ ಮಾಡುವುದಿಲ್ಲ. ಆ ಖಾತೆಯ ವೆಬ್ ಪುಟದಲ್ಲಿ ಪಾಸ್‌ವರ್ಡ್ ಬದಲಿಸುವ ಜಾಗದಲ್ಲಿ 72 ದಿನಕ್ಕೊಮ್ಮೆ ಬದಲಿಸಲು ನೆನಪಿಸುವ ಟಿಕ್ ಒಂದಿದೆ, ಅದನ್ನು ತೆಗೆಯಬೇಕು.

ಪ್ರಶ್ನೆ: ನಾನು ದೊಡ್ಡ ಕಂಪನಿಯಲ್ಲಿದ್ದೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಅಡ್ಮಿನ್ ಹಕ್ಕಿದೆ, ಆದರೂ ಗರಿಷ್ಠ ಅವಧಿಯ ಜಾಗ ಮಸುಕಾಗಿದೆ, ಬದಲಿಸಲು ಬಿಡುತ್ತಿಲ್ಲ.

ಉತ್ತರ: ಬಿಟ್ಟರೂ ಪ್ರಯೋಜನವಿಲ್ಲ. ನಿಮ್ಮ ಖಾತೆ ಇರುವುದು ಲ್ಯಾಪ್‌ಟಾಪಿನಲ್ಲಲ್ಲ, ಕಂಪನಿಯ ಡೊಮೇನ್ ಸರ್ವರಿನಲ್ಲಿ, ಅಂದರೆ ಎಲ್ಲರ ಖಾತೆಗಳನ್ನೂ ಒಂದೆಡೆ ಇಟ್ಟು ನೋಡಿಕೊಳ್ಳುವ ಸರ್ವರಿನಲ್ಲಿ. ಅವಧಿಯ ಲೆಕ್ಕ ಇಡುವುದೂ ಅದೇ. ಲ್ಯಾಪ್‌ಟಾಪಿನ ಅಡ್ಮಿನ್ ಹಕ್ಕಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮ ಗಡುವು ಯಾವಾಗ ಎಂದು ನೋಡಬೇಕೆಂದರೆ ಕಚೇರಿಯ ನೆಟ್‌ವರ್ಕಿನಲ್ಲಿದ್ದಾಗ ‘ನೆಟ್ ಯೂಸರ್’, ಸ್ಪೇಸ್, ನಿಮ್ಮ ಲಾಗಿನ್ ಹೆಸರು, ಸ್ಪೇಸ್, ಓರೆಗೆರೆ ಸೇರಿಸಿ ‘ಡೊಮೇನ್’ ಎಂದು ಕೊಡಿ. ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಈಗಿನ ವಿಂಡೋಸ್ ತಾನಾಗಿ ಎಚ್ಚರಿಸುವುದು ಕೊನೆಯ 5 ದಿನ ಮಾತ್ರ, ಅದೂ ಲಾಗಿನ್ ಆಗುವ ಹೊತ್ತಿನಲ್ಲಿ. ಲ್ಯಾಪ್‌ಟಾಪನ್ನು ಮುಚ್ಚಿ ತೆರೆದು ವಾರಗಟ್ಟಲೆ ಲಾಗಾಫ್ ಮಾಡದೆ ನಡೆಸುವವರ ಕಣ್ಣಿಗೆ ಅದು ಬೀಳದೇ ಹೋಗಬಹುದು.

ಪ್ರಶ್ನೆ: ಮನೆಯಿಂದ ಕೆಲಸ ಮಾಡುತ್ತಿದ್ದೇನೆ. ಪಾಸ್‌ವರ್ಡ್ ಅವಧಿ ಮುಗಿಯಿತು. ಕಂಪನಿಯ ವೆಬ್ ಪುಟದಲ್ಲಿ ಬದಲಿಸಿದೆ. ಈಗ ಮೇಲ್‌ಗೆ ಹೊಸ ಪಾಸ್‌ವರ್ಡ್ ಬೇಕು, ಲ್ಯಾಪ್‌ಟಾಪಿಗೆ ಹಳೆಯದೇ ಬೇಕು. ಎರಡನ್ನೂ ನೆನಪಿಟ್ಟುಕೊಂಡು ಎಷ್ಟು ದಿನ ನಡೆಸುವುದು?

ಉತ್ತರ: ಹತ್ತು ನಿಮಿಷದ ಕೆಲಸ. ಸರ್ವರ್ ಸಿಗದಿದ್ದಾಗಲೂ ಲಾಗಿನ್ ಆಗಲೆಂದು ವಿಂಡೋಸ್ ನಿಮ್ಮ ಹಿಂದಿನ ಲಾಗಿನ್‌ನ ಗುರುತನ್ನು ಲ್ಯಾಪ್‌ಟಾಪಿನಲ್ಲೇ ಉಳಿಸಿಕೊಂಡಿರುತ್ತದೆ. ನೀವು ವೆಬ್‌ನಲ್ಲಿ ಬದಲಿಸಿದ್ದು ಸರ್ವರಿಗೆ ಗೊತ್ತು, ಲ್ಯಾಪ್‌ಟಾಪಿಗೆ ಗೊತ್ತಿಲ್ಲ. ಎರಡನ್ನೂ ಒಮ್ಮೆ ಮುಖಾಮುಖಿ ಮಾಡಿಸಬೇಕು, ಅಷ್ಟೆ.

ಹಳೆಯ ಪಾಸ್‌ವರ್ಡಿನಿಂದ ಲ್ಯಾಪ್‌ಟಾಪಿಗೆ ಲಾಗಿನ್ ಆಗಿ. ಹೊಸ ಪಾಸ್‌ವರ್ಡಿನಿಂದ ವಿಪಿಎನ್ (ಹೊರಗಿನಿಂದ ಕಂಪನಿಯ ನೆಟ್‌ವರ್ಕಿಗೆ ಸೇರುವ ಸುರಕ್ಷಿತ ದಾರಿ) ಜೋಡಿಸಿ. ಕಂಪನಿಯ ಒಳಗಿನ ಯಾವುದಾದರೂ ಫೋಲ್ಡರ್ ಅಥವಾ ಪುಟ ತೆರೆದು ಸಂಪರ್ಕ ನಿಜವಾಗಿಯೂ ಇದೆಯೇ ನೋಡಿ. ಆಮೇಲೆ ವಿಂಡೋಸ್ ಕೀ ಮತ್ತು ಎಲ್ ಒತ್ತಿ ಪರದೆ ಲಾಕ್ ಮಾಡಿ, ಹೊಸ ಪಾಸ್‌ವರ್ಡಿನಿಂದಲೇ ಲಾಕ್ ತೆಗೆಯಿರಿ. ಆಗ ವಿಂಡೋಸ್ ಸರ್ವರನ್ನು ಕೇಳಿ, ಸರಿ ಎಂದಾದ ಮೇಲೆ ತನ್ನ ಉಳಿಸಿದ ಗುರುತನ್ನು ಹೊಸದಕ್ಕೆ ಬದಲಿಸಿಕೊಳ್ಳುತ್ತದೆ. ಇಲ್ಲಿ ಲಾಗಾಫ್ ಮಾಡಬೇಡಿ, ರೀಸ್ಟಾರ್ಟ್ ಮಾಡಬೇಡಿ. ಹಲವು ವಿಪಿಎನ್‌ಗಳು ಲಾಗಾಫ್ ಆದೊಡನೆ ಕಡಿದುಹೋಗುತ್ತವೆ, ನೀವು ಮತ್ತೆ ಹಳೆಯ ಪಾಸ್‌ವರ್ಡಿಗೇ ಮರಳುತ್ತೀರಿ. ಲಾಕ್ ತೆಗೆಯುವಾಗ ಪಿನ್ ಅಥವಾ ಬೆರಳಚ್ಚು ಬಳಸಿದರೂ ಕೆಲಸ ಆಗದು, ಪಾಸ್‌ವರ್ಡನ್ನೇ ಟೈಪ್ ಮಾಡಬೇಕು.

ಮುಂದಿನ ಸಲ ಈ ಎರಡು ಪಾಸ್‌ವರ್ಡುಗಳ ಗೋಜೇ ಬೇಡವೆಂದರೆ, ಗಡುವಿಗೆ ಮೊದಲೇ ವಿಪಿಎನ್ ಜೋಡಿಸಿಕೊಂಡು, ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒತ್ತಿ ‘ಚೇಂಜ್ ಎ ಪಾಸ್‌ವರ್ಡ್’ ಆರಿಸಿ. ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯೊಳಗಿದ್ದರೆ ಡಿಲೀಟ್ ಬದಲು ಎಂಡ್ ಕೀ, ಇಲ್ಲದಿದ್ದರೆ ನಿಮ್ಮ ಎದುರಿನ ಕಂಪ್ಯೂಟರಿನ ಮೆನು ತೆರೆದುಕೊಳ್ಳುತ್ತದೆ. ಅವಧಿ ಮುಗಿದ ಮೇಲೆ ವಿಪಿಎನ್ ಕೂಡ ಒಳಗೆ ಬಿಡದಿದ್ದರೆ ಮತ್ತು ಕಂಪನಿಗೆ ವೆಬ್ ಪುಟದ ಸೌಲಭ್ಯವೂ ಇಲ್ಲದಿದ್ದರೆ ಐಟಿ ವಿಭಾಗಕ್ಕೆ ಫೋನ್ ಮಾಡದೆ ಬೇರೆ ದಾರಿಯಿಲ್ಲ.

ಪ್ರಶ್ನೆ: ಪಾಸ್‌ವರ್ಡ್ ಬದಲಿಸಿದ ದಿನದಿಂದ ನಮ್ಮ ಸಹೋದ್ಯೋಗಿಯೊಬ್ಬರ ಖಾತೆ ಗಂಟೆಗೊಮ್ಮೆ ಲಾಕ್ ಆಗುತ್ತಿದೆ. ತೆಗೆದುಕೊಟ್ಟಷ್ಟೂ ಮತ್ತೆ ಲಾಕ್. ಅವರು ತಪ್ಪಾಗಿ ಟೈಪ್ ಮಾಡುತ್ತಿಲ್ಲ.

ಉತ್ತರ: ಅವರು ಮಾಡುತ್ತಿಲ್ಲ, ಅವರ ಹೆಸರಿನಲ್ಲಿ ಇನ್ನೊಂದು ಯಂತ್ರ ಹಳೆಯ ಪಾಸ್‌ವರ್ಡ್ ಹಿಡಿದು ಬಾಗಿಲು ಬಡಿಯುತ್ತಿದೆ. ಅದು ಯಾವುದು ಎಂದು ಊಹಿಸುತ್ತ ಕೂರುವುದಕ್ಕಿಂತ ಸರ್ವರನ್ನೇ ಕೇಳಿ. ಡೊಮೇನ್‌ನಲ್ಲಿ ‘ಪಿಡಿಸಿ ಎಮ್ಯುಲೇಟರ್’ ಪಾತ್ರ (ಪಾಸ್‌ವರ್ಡ್ ಮತ್ತು ಲಾಕ್ ಲೆಕ್ಕದ ಮುಖ್ಯ ಸರ್ವರಿನ ಪಾತ್ರ) ವಹಿಸಿರುವ ಸರ್ವರಿನ ಇವೆಂಟ್ ವ್ಯೂವರ್ ತೆರೆದು, ಸೆಕ್ಯುರಿಟಿ ಲಾಗ್‌ನಲ್ಲಿ 4740 ಸಂಖ್ಯೆಯ ದಾಖಲೆಗಳನ್ನು ಹುಡುಕಿ. ಪ್ರತಿ ಲಾಕ್‌ಗೂ ಒಂದು ದಾಖಲೆ ಇರುತ್ತದೆ, ಅದರಲ್ಲಿ ‘ಕಾಲರ್ ಕಂಪ್ಯೂಟರ್ ನೇಮ್’ ಎಂಬ ಸಾಲಿನಲ್ಲಿ ತಪ್ಪು ಪಾಸ್‌ವರ್ಡ್ ಎಲ್ಲಿಂದ ಬಂತೆಂದು ಬರೆದಿರುತ್ತದೆ.

ಹೆಸರು ಅವರದೇ ಲ್ಯಾಪ್‌ಟಾಪಿನದಾದರೆ ಕಂಟ್ರೋಲ್ ಪ್ಯಾನೆಲ್ಲಿನ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆದು, ‘ವಿಂಡೋಸ್ ಕ್ರೆಡೆನ್ಶಿಯಲ್ಸ್’ ಕೆಳಗೆ ಉಳಿಸಿರುವ ಹಳೆಯ ನಮೂದುಗಳನ್ನು ತೆಗೆಯಿರಿ. ಪಾಸ್‌ವರ್ಡ್ ಸಮೇತ ಉಳಿಸಿದ ನೆಟ್‌ವರ್ಕ್ ಡ್ರೈವ್‌ಗಳೂ ಇಲ್ಲೇ ಸಿಗುತ್ತವೆ. ಬೇರೆ ಸರ್ವರಿನ ಹೆಸರು ಬಂದರೆ, ಅಲ್ಲಿ ಅವರು ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯನ್ನು ಲಾಗಾಫ್ ಮಾಡದೆ ಸುಮ್ಮನೆ ಮುಚ್ಚಿ ಬಂದಿರುವ ಸಾಧ್ಯತೆ ಹೆಚ್ಚು. ಆ ಸರ್ವರಿನಲ್ಲಿ ‘ಕ್ವೆರಿ ಯೂಸರ್’ ಕೊಟ್ಟರೆ ‘ಡಿಸ್ಕ್’ ಎಂಬ ಸ್ಥಿತಿಯಲ್ಲಿ ತೋರುತ್ತದೆ. ಅವರ ಹೆಸರಿನಲ್ಲೇ ನಡೆಯುವ ಶೆಡ್ಯೂಲ್ಡ್ ಟಾಸ್ಕ್ ಇದ್ದರೂ ಇದೇ ಕಥೆ. ಮೇಲ್ ಸರ್ವರಿನ ಅಥವಾ ವೈಫೈ ಲಾಗಿನ್ ಪರಿಶೀಲಿಸುವ ಸರ್ವರಿನ ಹೆಸರು ಬಂದರೆ ಕೈ ಜೇಬಿಗೆ ಹೋಗಲಿ: ಫೋನ್. ಕಚೇರಿಯ ವೈಫೈಗೆ ಡೊಮೇನ್ ಪಾಸ್‌ವರ್ಡ್ ಬಳಸುವ ಕಡೆ ಬಹುಪಾಲು ಲಾಕ್‌ಗಳ ಮೂಲ ಇದೇ. ವೈಫೈ ನೆಟ್‌ವರ್ಕನ್ನು ‘ಫರ್ಗೆಟ್’ ಮಾಡಿ ಹೊಸದಾಗಿ ಜೋಡಿಸಬೇಕು.

ಒಂದು ವಿಚಿತ್ರ ಸಂಗತಿ. ಪಾಸ್‌ವರ್ಡ್ ಇತಿಹಾಸ (ಹಿಂದೆ ಬಳಸಿದ ಪಾಸ್‌ವರ್ಡುಗಳ ದಾಖಲೆ) ಉಳಿಸುವ ಡೊಮೇನ್‌ನಲ್ಲಿ, ತೀರಾ ಇತ್ತೀಚಿನ ಹಳೆಯ ಪಾಸ್‌ವರ್ಡಿನಿಂದ ನಡೆದ ಪ್ರಯತ್ನವನ್ನು ಸರ್ವರ್ ನಿರಾಕರಿಸುತ್ತದೆ, ಆದರೆ ಲಾಕ್‌ನ ಲೆಕ್ಕಕ್ಕೆ ಸೇರಿಸಿಕೊಳ್ಳುವುದಿಲ್ಲ. ಹಾಗಾಗಿ ಮೂಲ ಹುಡುಕುವಾಗ ಈಚೆಗೆ ಬಳಸಿದ ಸಾಧನಗಳ ಜೊತೆಗೆ ಡ್ರಾಯರಿನಲ್ಲಿ ಚಾರ್ಜಿಗೆ ಹಾಕಿಟ್ಟ ಹಳೆಯ ಟ್ಯಾಬ್ಲೆಟ್ಟನ್ನೂ ನೋಡಿ. ಎರಡು ಮೂರು ಬದಲಾವಣೆಗಳ ಹಿಂದಿನ ಪಾಸ್‌ವರ್ಡ್ ಅದರಲ್ಲಿ ಕುಳಿತಿರಬಹುದು.

ಪ್ರಶ್ನೆ: ನಾನು ಸಿಸ್ಟಂ ಅಡ್ಮಿನ್. ಹಣಕಾಸು ವಿಭಾಗಕ್ಕೆ ಮಾತ್ರ 60 ದಿನದ ಗಡುವು, ಉಳಿದವರಿಗೆ 180 ದಿನ ಬೇಕು. ಹಣಕಾಸು ವಿಭಾಗದ ಓಯುಗೆ (ಡೊಮೇನ್‌ನೊಳಗೆ ಖಾತೆ, ಕಂಪ್ಯೂಟರುಗಳನ್ನು ವಿಂಗಡಿಸಿಡುವ ಘಟಕ) ಪ್ರತ್ಯೇಕ ಗ್ರೂಪ್ ಪಾಲಿಸಿ (ಸರ್ವರಿನಿಂದ ಹಂಚುವ ನಿಯಮ) ಮಾಡಿ ಜೋಡಿಸಿದೆ. ಏನೂ ಬದಲಾಗಲಿಲ್ಲ.

ಉತ್ತರ: ಬದಲಾಗುವುದೂ ಇಲ್ಲ. ಡೊಮೇನ್ ಖಾತೆಗಳ ಪಾಸ್‌ವರ್ಡ್ ನಿಯಮ ಡೊಮೇನ್‌ನ ತುದಿಗೆ ಜೋಡಿಸಿದ ಪಾಲಿಸಿಯಿಂದ ಮಾತ್ರ ಬರುತ್ತದೆ. ಓಯುಗೆ ಜೋಡಿಸಿದ ಪಾಸ್‌ವರ್ಡ್ ಪಾಲಿಸಿ ಆ ಓಯುನಲ್ಲಿರುವ ಕಂಪ್ಯೂಟರುಗಳ ಸ್ಥಳೀಯ ಖಾತೆಗಳಿಗೆ ಅನ್ವಯಿಸುತ್ತದೆ, ಜನರ ಡೊಮೇನ್ ಖಾತೆಗಳಿಗಲ್ಲ. ನೀವು ಮಾಡಿದ್ದನ್ನು ಮೊದಲು ತೆಗೆದುಬಿಡಿ. ಇಲ್ಲದಿದ್ದರೆ ಆ ಕಂಪ್ಯೂಟರುಗಳ ಸ್ಥಳೀಯ ಖಾತೆಗಳ ಅವಧಿ ಸದ್ದಿಲ್ಲದೆ ಮುಗಿಯುತ್ತ ಹೋಗುತ್ತದೆ.

ನಿಮಗೆ ಬೇಕಿರುವುದು ಫೈನ್-ಗ್ರೇನ್ಡ್ ಪಾಸ್‌ವರ್ಡ್ ಪಾಲಿಸಿ, ಅಂದರೆ ಆಯ್ದ ಜನರಿಗೆ ಮಾತ್ರ ಅನ್ವಯಿಸುವ ಪಾಸ್‌ವರ್ಡ್ ನಿಯಮ. ವಿಂಡೋಸ್ ಸರ್ವರ್ 2008ರಿಂದ ಇದೆ, 2012ರಿಂದ ಕಿಟಕಿಯಲ್ಲೇ ಮಾಡಬಹುದು. ಆಕ್ಟಿವ್ ಡೈರೆಕ್ಟರಿ ಅಡ್ಮಿನಿಸ್ಟ್ರೇಟಿವ್ ಸೆಂಟರ್ ತೆರೆದು, ನಿಮ್ಮ ಡೊಮೇನ್, ಅದರಲ್ಲಿ ಸಿಸ್ಟಂ, ಅದರಲ್ಲಿ ‘ಪಾಸ್‌ವರ್ಡ್ ಸೆಟ್ಟಿಂಗ್ಸ್ ಕಂಟೇನರ್’. ಬಲಭಾಗದಲ್ಲಿ ‘ನ್ಯೂ’, ‘ಪಾಸ್‌ವರ್ಡ್ ಸೆಟ್ಟಿಂಗ್ಸ್’. ಹೆಸರು ಕೊಡಿ, ‘ಪ್ರಿಸಿಡೆನ್ಸ್’ ಜಾಗದಲ್ಲಿ 10 ಎಂದು ಕೊಡಿ. ಒಬ್ಬರಿಗೆ ಎರಡು ನಿಯಮ ಬಂದರೆ ಚಿಕ್ಕ ಸಂಖ್ಯೆಯದು ಗೆಲ್ಲುತ್ತದೆ. 1 ಎಂದು ಕೊಟ್ಟರೆ ಮುಂದೆ ಅದಕ್ಕಿಂತ ಮೇಲಿನದೊಂದನ್ನು ಸೇರಿಸಲು ಜಾಗ ಉಳಿಯುವುದಿಲ್ಲ. ಗರಿಷ್ಠ ಅವಧಿ 60 ಹಾಕಿ. ಕೆಳಗೆ ‘ಡೈರೆಕ್ಟ್ಲಿ ಅಪ್ಲೈಸ್ ಟು’ ಜಾಗದಲ್ಲಿ ಗ್ರೂಪ್ ಸೇರಿಸಿ. ಓಯು ಸೇರಿಸಲು ಬರುವುದಿಲ್ಲ. ಗ್ಲೋಬಲ್ ಸೆಕ್ಯುರಿಟಿ ಗ್ರೂಪ್ ಅಥವಾ ವ್ಯಕ್ತಿಯ ಖಾತೆ ಆಗಬೇಕು. ವ್ಯಕ್ತಿಗೆ ನೇರವಾಗಿ ಜೋಡಿಸಿದ್ದು ಗ್ರೂಪಿನ ಮೂಲಕ ಬಂದದ್ದನ್ನು ಮೀರಿಸುತ್ತದೆ.

ಎಲ್ಲರೂ ಎಡವುವ ಜಾಗ ಲಾಕ್‌ಔಟ್ ಭಾಗ. ಈ ನಿಯಮ ಡೊಮೇನ್ ನಿಯಮದ ಜೊತೆ ಬೆರೆಯುವುದಿಲ್ಲ, ಅದರ ಜಾಗದಲ್ಲಿ ಪೂರ್ತಿಯಾಗಿ ಕೂರುತ್ತದೆ. ಅವಧಿಯನ್ನಷ್ಟೇ ತುಂಬಿ ‘ಎನ್‌ಫೋರ್ಸ್ ಅಕೌಂಟ್ ಲಾಕ್‌ಔಟ್ ಪಾಲಿಸಿ’ಗೆ ಟಿಕ್ ಹಾಕದೆ ಬಿಟ್ಟರೆ, ಹಣಕಾಸು ವಿಭಾಗದವರ ಖಾತೆಗಳು ಎಷ್ಟು ತಪ್ಪು ಪಾಸ್‌ವರ್ಡ್ ಕೊಟ್ಟರೂ ಲಾಕ್ ಆಗುವುದಿಲ್ಲ. ಬಿಗಿ ಮಾಡಲು ಹೊರಟು ಸಡಿಲ ಮಾಡಿದಂತಾಯಿತು. ಉಳಿಸಿದ ಮೇಲೆ ಅದೇ ಕಿಟಕಿಯಲ್ಲಿ ಒಬ್ಬರ ಖಾತೆಯನ್ನು ಆರಿಸಿ ‘ವ್ಯೂ ರಿಸಲ್ಟೆಂಟ್ ಪಾಸ್‌ವರ್ಡ್ ಸೆಟ್ಟಿಂಗ್ಸ್’ ಒತ್ತಿ, ನಿಜವಾಗಿ ಯಾವ ನಿಯಮ ತಾಗುತ್ತಿದೆ ನೋಡಿ.

ಇಲ್ಲೂ ಲೆಕ್ಕ ಹಿಂದಿನ ದಿನಾಂಕದಿಂದಲೇ ನಡೆಯುತ್ತದೆ ಎಂಬುದನ್ನು ಮರೆಯಬೇಡಿ. 60 ದಿನ ದಾಟಿದವರೆಲ್ಲ ಗ್ರೂಪಿಗೆ ಸೇರಿದ ಕೂಡಲೇ ಅವಧಿ ಮೀರಿದವರು. ದಿನಕ್ಕೆ ನಾಲ್ಕೈದು ಮಂದಿಯಂತೆ ಸೇರಿಸುತ್ತ ಹೋಗಿ, ತಿಂಗಳ ಲೆಕ್ಕ ಮುಗಿಸುವ ವಾರವನ್ನು ಬಿಟ್ಟು. ಯಾರಿಗಾದರೂ ತುರ್ತಾಗಿ ಕಾಲಾವಕಾಶ ಬೇಕೆಂದರೆ ಒಂದು ಉಪಾಯವಿದೆ: ಆಕ್ಟಿವ್ ಡೈರೆಕ್ಟರಿ ಯೂಸರ್ಸ್ ಅಂಡ್ ಕಂಪ್ಯೂಟರ್ಸ್‌ನಲ್ಲಿ ಅವರ ಖಾತೆ ತೆರೆದು, ಮುಂದಿನ ಲಾಗಿನ್‌ಗೆ ಪಾಸ್‌ವರ್ಡ್ ಬದಲಿಸಬೇಕೆಂಬ ಟಿಕ್ ಹಾಕಿ ಅಪ್ಲೈ ಒತ್ತಿ, ಮತ್ತೆ ಆ ಟಿಕ್ ತೆಗೆದು ಅಪ್ಲೈ ಒತ್ತಿ. ಕೊನೆಗೆ ಬದಲಿಸಿದ ದಿನಾಂಕ ಇಂದಿನದಾಗುತ್ತದೆ, ಪಾಸ್‌ವರ್ಡ್ ಹಳೆಯದೇ ಉಳಿಯುತ್ತದೆ. ರಜೆಯಲ್ಲಿದ್ದು ನಾಳೆ ವಿಮಾನ ನಿಲ್ದಾಣದಿಂದ ಲಾಗಿನ್ ಆಗಬೇಕಾದವರಿಗೆ ಸರಿ, ಚಟವಾಗಬಾರದು. ಆಡಿಟ್‌ನಲ್ಲಿ ದಿನಾಂಕ ಸುಳ್ಳು ಹೇಳುತ್ತದೆ.

ಪ್ರಶ್ನೆ: ಕೆಲವರು ಗಡುವು ಬಂದ ದಿನ ಪಾಸ್‌ವರ್ಡನ್ನು ಸಾಲಾಗಿ ಹಲವು ಸಲ ಬದಲಿಸಿ ಕೊನೆಗೆ ಹಳೆಯದಕ್ಕೇ ಮರಳುತ್ತಾರೆ. ತಡೆಯುವುದು ಹೇಗೆ?

ಉತ್ತರ: ಕನಿಷ್ಠ ಅವಧಿಯನ್ನು 1 ದಿನ ಮಾಡಿ, ಇತಿಹಾಸವನ್ನು 24 ಮಾಡಿ. ಆಗ ಹಳೆಯದಕ್ಕೆ ಮರಳಲು 24 ದಿನ ಬೇಕು, ಅಷ್ಟು ತಾಳ್ಮೆ ಯಾರಿಗೂ ಇಲ್ಲ. ಕನಿಷ್ಠ ಅವಧಿ 0 ಇದ್ದರೆ ಇತಿಹಾಸದ ಸಂಖ್ಯೆ ಎಷ್ಟಿದ್ದರೂ ವ್ಯರ್ಥ. ಅಡ್ಡ ಪರಿಣಾಮ ಒಂದಿದೆ: ಬೆಳಿಗ್ಗೆ ಬದಲಿಸಿದ ಪಾಸ್‌ವರ್ಡನ್ನು ಮಧ್ಯಾಹ್ನ ಯಾರೋ ನೋಡಿಬಿಟ್ಟರು ಎಂದಾದರೆ ಅವರೇ ಬದಲಿಸಿಕೊಳ್ಳಲಾಗದು, ಅಡ್ಮಿನ್ ರೀಸೆಟ್ ಮಾಡಿಕೊಡಬೇಕು.

ಪ್ರಶ್ನೆ: ಸರ್ವರಿಗೆ ಅಪ್‌ಡೇಟ್ ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ಬ್ಯಾಕಪ್ ಸರ್ವೀಸ್ ಶುರುವಾಗಲಿಲ್ಲ. ಅಪ್‌ಡೇಟ್ ತೆಗೆದರೂ ಸರಿಹೋಗಲಿಲ್ಲ. ‘ಎರರ್ 1069’ ಎನ್ನುತ್ತದೆ.

ಉತ್ತರ: ಅಪ್‌ಡೇಟ್‌ನ ತಪ್ಪಲ್ಲ. 1069 ಎಂದರೆ ಸರ್ವೀಸ್ (ಹಿನ್ನೆಲೆಯಲ್ಲಿ ತಾನಾಗಿ ನಡೆಯುವ ಪ್ರೋಗ್ರಾಂ) ತನ್ನ ಖಾತೆಯಿಂದ ಲಾಗಿನ್ ಆಗಲಾಗಲಿಲ್ಲ ಎಂದರ್ಥ. ಒಮ್ಮೆ ಲಾಗಿನ್ ಆಗಿ ನಡೆಯುತ್ತಿರುವ ಸರ್ವೀಸ್‌ಗೆ ಪಾಸ್‌ವರ್ಡ್ ಅವಧಿ ಮುಗಿದದ್ದು ತಿಳಿಯುವುದೇ ಇಲ್ಲ, ವಾರಗಟ್ಟಲೆ ಓಡುತ್ತಲೇ ಇರುತ್ತದೆ. ಮುಂದಿನ ರೀಸ್ಟಾರ್ಟ್‌ನಲ್ಲಿ ಬೀಳುತ್ತದೆ. ರೀಸ್ಟಾರ್ಟ್ ಮಾಡಿಸಿದ್ದು ಅಪ್‌ಡೇಟ್ ಆದ್ದರಿಂದ ಅಪವಾದ ಅದರ ತಲೆಗೆ.

ಕಾರಣ ಖಚಿತ ಮಾಡಿಕೊಳ್ಳಲು ವಿಂಡೋಸ್ ಕೊಡುವ ಸಂಖ್ಯೆಗಳನ್ನು ನೋಡಿ. 1326 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. 1330 ಎಂದರೆ ಪಾಸ್‌ವರ್ಡ್ ಸರಿಯಿದೆ, ಅವಧಿ ಮುಗಿದಿದೆ. ಎಲ್‌ಡ್ಯಾಪ್ (ಡೊಮೇನ್ ಸರ್ವರಿನಲ್ಲಿ ಖಾತೆ ಪರಿಶೀಲಿಸುವ ವಿಧಾನ) ಮೂಲಕ ಲಾಗಿನ್ ಮಾಡಿಸುವ ತಂತ್ರಾಂಶಗಳ ಲಾಗ್‌ನಲ್ಲಿ ಇವೇ ‘52ಇ’ ಮತ್ತು ‘532’ ಎಂದು ಕಾಣುತ್ತವೆ. ಅಲ್ಲೇ ‘773’ ಕಂಡರೆ ಮುಂದಿನ ಲಾಗಿನ್‌ಗೆ ಬದಲಿಸಲೇಬೇಕೆಂದು ಯಾರೋ ಟಿಕ್ ಹಾಕಿದ್ದಾರೆ, ‘775’ ಕಂಡರೆ ಖಾತೆ ಲಾಕ್ ಆಗಿದೆ.

ಸದ್ಯಕ್ಕೆ: ಖಾತೆಗೆ ಹೊಸ ಪಾಸ್‌ವರ್ಡ್ ಕೊಟ್ಟು, ಸರ್ವೀಸಸ್ ಕಿಟಕಿಯಲ್ಲಿ ಆ ಸರ್ವೀಸ್‌ನ ‘ಲಾಗ್ ಆನ್’ ಟ್ಯಾಬ್‌ನಲ್ಲಿ ಅದನ್ನೇ ತುಂಬಿ ಶುರು ಮಾಡಿ. ಅದಕ್ಕೆ ಮೊದಲು ಅದೇ ಖಾತೆ ಇನ್ನೆಲ್ಲಿ ಬಳಕೆಯಲ್ಲಿದೆ ಎಂದು ಪಟ್ಟಿ ಮಾಡಿಕೊಳ್ಳಿ. ಒಂದು ಕಡೆ ಬದಲಿಸಿ ಮೂರು ಕಡೆ ಮರೆತರೆ ಬೆಳಗಾಗುವುದರೊಳಗೆ ಖಾತೆ ಲಾಕ್ ಆಗಿರುತ್ತದೆ.

ಹೆಚ್ಚಿನವರು ಇಲ್ಲಿ ‘ನೆವರ್ ಎಕ್ಸ್‌ಪೈರ್ಸ್’ ಟಿಕ್ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಸರ್ವೀಸ್ ನಿಲ್ಲುವುದಿಲ್ಲ, ನಿಜ. ಆದರೆ ಇಂಥ ಖಾತೆಗಳಿಗೆ ಬಹಳ ಕಡೆ ಅಡ್ಮಿನ್ ಹಕ್ಕಿರುತ್ತದೆ, ಪಾಸ್‌ವರ್ಡ್ ಯಾವುದೋ ಹಳೆಯ ಎಕ್ಸೆಲ್ ಫೈಲಿನಲ್ಲಿರುತ್ತದೆ, ಅದನ್ನು ತಿಳಿದವರಲ್ಲಿ ಅರ್ಧ ಜನ ಕೆಲಸ ಬಿಟ್ಟು ಹೋಗಿರುತ್ತಾರೆ. ಜನರ ಪಾಸ್‌ವರ್ಡಿಗೆ ಗಡುವು ಹಾಕಿ ಇವನ್ನು ಬಿಟ್ಟುಬಿಡುವುದು ತಲೆಕೆಳಗಾದ ಕ್ರಮ. ವಿಂಡೋಸ್ ಸರ್ವರ್ 2012ರಿಂದ ಗ್ರೂಪ್ ಮ್ಯಾನೇಜ್ಡ್ ಸರ್ವೀಸ್ ಅಕೌಂಟ್ ಎಂಬುದಿದೆ, ಬಳಸುವವರು ಕಡಿಮೆ. ಇದರ ಪಾಸ್‌ವರ್ಡ್ ಯಾವ ಮನುಷ್ಯನಿಗೂ ಗೊತ್ತಿರುವುದಿಲ್ಲ, ಡೊಮೇನ್ ತಾನೇ 30 ದಿನಕ್ಕೊಮ್ಮೆ ಬದಲಿಸುತ್ತದೆ. ಈ 30 ದಿನವನ್ನು ಬೇರೆ ಮಾಡಬೇಕೆಂದರೆ ಖಾತೆ ಸೃಷ್ಟಿಸುವಾಗಲೇ ಮಾಡಬೇಕು, ಆಮೇಲೆ ಬದಲಿಸಲು ಬರುವುದಿಲ್ಲ. ಮೊದಲ ಸಲ ಮಾಡುವಾಗ ‘ಆ್ಯಡ್-ಕೆಡಿಎಸ್‌ರೂಟ್‌ಕೀ’ ಕೊಟ್ಟು 10 ಗಂಟೆ ಕಾಯಬೇಕು, ಎಲ್ಲ ಡೊಮೇನ್ ಸರ್ವರುಗಳಿಗೂ ಕೀ ತಲುಪಲೆಂದು. ಕಾಯದೆ ಮುಂದುವರಿದು ಕೀ ಸಿಗುತ್ತಿಲ್ಲ ಎಂಬ ಎರರ್ ನೋಡಿ ಕೈಬಿಟ್ಟವರಿದ್ದಾರೆ. ಸರ್ವೀಸ್‌ನಲ್ಲಿ ತುಂಬುವಾಗ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಇಡಿ, ಪಾಸ್‌ವರ್ಡ್ ಜಾಗಗಳನ್ನು ಖಾಲಿ ಬಿಡಿ. ನಿಮ್ಮ ಬ್ಯಾಕಪ್ ತಂತ್ರಾಂಶ ಇದನ್ನು ಒಪ್ಪುತ್ತದೆಯೇ ಎಂದು ಮೊದಲೇ ಅದರ ಕೈಪಿಡಿ ನೋಡಿ, ಎಲ್ಲವೂ ಒಪ್ಪುವುದಿಲ್ಲ.

ಪ್ರಶ್ನೆ: 90 ದಿನಕ್ಕೊಮ್ಮೆ ಬದಲಿಸುವುದು ಹಳೆಯ ಪದ್ಧತಿ, ಈಗ ಬೇಡ ಎನ್ನುತ್ತಾರೆ. ನಮ್ಮ ಆಡಿಟರ್ ಬೇಕೇ ಬೇಕು ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ನಮ್ಮ ಮತ ಗಡುವು ಬೇಡ ಎನ್ನುವವರ ಕಡೆ, ಷರತ್ತಿನೊಂದಿಗೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರ ತನ್ನ ಮಾರ್ಗಸೂಚಿಯಲ್ಲೇ ಸುಮ್ಮಸುಮ್ಮನೆ ನಿಯತವಾಗಿ ಬದಲಿಸಲು ಹೇಳಬಾರದು, ಸೋರಿಕೆಯ ಸುಳಿವು ಸಿಕ್ಕಾಗ ಬದಲಿಸಬೇಕು ಎಂದಿತು. 2025ರ ಪರಿಷ್ಕರಣೆಯಲ್ಲಿ ಸಲಹೆಯಾಗಿದ್ದುದು ಕಡ್ಡಾಯವಾಯಿತು. ಮೈಕ್ರೋಸಾಫ್ಟ್ ಕೂಡ 2019ರಲ್ಲಿ ತನ್ನ ಶಿಫಾರಸಿನ ಭದ್ರತಾ ಸೆಟ್ಟಿಂಗ್‌ಗಳಿಂದ ಗಡುವನ್ನು ಕೈಬಿಟ್ಟಿತು. ಕಾರಣ ಸರಳ: ಜನ ಹೊಸ ಪಾಸ್‌ವರ್ಡ್ ಕಟ್ಟುವುದಿಲ್ಲ, ಹಳೆಯದರ ಕೊನೆಯ 3ನ್ನು 4 ಮಾಡುತ್ತಾರೆ. 2010ರಲ್ಲಿ ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು ಗಡುವಿನ ನಿಯಮದಡಿ ಬಳಕೆಯಲ್ಲಿದ್ದ ಹಳೆಯ ಖಾತೆಗಳನ್ನು ಪರೀಕ್ಷಿಸಿದಾಗ, ಹಿಂದಿನ ಪಾಸ್‌ವರ್ಡ್ ತಿಳಿದಿದ್ದರೆ ಶೇ. 17ರಷ್ಟು ಖಾತೆಗಳಲ್ಲಿ ಮುಂದಿನದನ್ನು ಐದಕ್ಕಿಂತ ಕಡಿಮೆ ಪ್ರಯತ್ನಗಳಲ್ಲಿ ಊಹಿಸಬಹುದಾಗಿತ್ತು.

ಷರತ್ತು ಏನೆಂದರೆ ಗಡುವು ತೆಗೆದ ಜಾಗ ಖಾಲಿ ಉಳಿಯಬಾರದು. ಎರಡನೆಯ ಹಂತದ ದೃಢೀಕರಣ ಇರಬೇಕು, ಸೋರಿಕೆಯಾದ ಮತ್ತು ಸಾಮಾನ್ಯ ಪಾಸ್‌ವರ್ಡುಗಳ ಪಟ್ಟಿಗೆ ಹೋಲಿಸಿ ನಿರಾಕರಿಸುವ ವ್ಯವಸ್ಥೆ ಇರಬೇಕು, ಉದ್ದ ಹೆಚ್ಚಬೇಕು. ನಿಸ್ಟ್‌ನ ಹೊಸ ಲೆಕ್ಕದಲ್ಲಿ ಪಾಸ್‌ವರ್ಡ್ ಒಂದೇ ಕಾವಲಾಗಿದ್ದರೆ ಕನಿಷ್ಠ 15 ಅಕ್ಷರ, ಎರಡನೆಯ ಹಂತ ಜೊತೆಗಿದ್ದರೆ 8. ಇವು ಯಾವುದೂ ಇಲ್ಲದ ಕಚೇರಿಯಲ್ಲಿ ಗಡುವನ್ನು ಈಗಲೇ ತೆಗೆಯಬೇಡಿ.

ಆಡಿಟರ್ ಯಾವ ನಿಯಮದ ಆಧಾರದಲ್ಲಿ ಹೇಳುತ್ತಿದ್ದಾರೆ ಎಂದು ಲಿಖಿತವಾಗಿ ಕೇಳಿ. ಕಾರ್ಡ್ ಪಾವತಿಯ ಮಾಹಿತಿ ನಿಮ್ಮಲ್ಲಿದ್ದರೆ ಪಿಸಿಐ ಡಿಎಸ್‌ಎಸ್ ಎಂಬ ಕಾರ್ಡ್ ಉದ್ಯಮದ ಭದ್ರತಾ ಮಾನಕ ಅನ್ವಯಿಸುತ್ತದೆ, ಅದರಲ್ಲಿ 90 ದಿನದ ಮಾತು ನಿಜವಾಗಿಯೂ ಇದೆ. ಆದರೆ ಈಗಿನ ಆವೃತ್ತಿಯಲ್ಲಿ ಅದು ಪಾಸ್‌ವರ್ಡ್ ಒಂದೇ ಕಾವಲಾಗಿರುವ ಲಾಗಿನ್‌ಗಳಿಗೆ ಸಂಬಂಧಿಸಿದ್ದು. ಎರಡನೆಯ ಹಂತ ಇದೆ ಎಂದು ತೋರಿಸಿದರೆ ಚರ್ಚೆಯ ದಿಕ್ಕೇ ಬದಲಾಗುತ್ತದೆ. ಗ್ರಾಹಕರ ಒಪ್ಪಂದದಲ್ಲೇ 90 ದಿನ ಎಂದು ಬರೆದಿದ್ದರೆ ಮಾತ್ರ ವಾದಕ್ಕೆ ಹೋಗಬೇಡಿ, ಆ ಕೆಲಸದವರಿಗಷ್ಟೇ ಮೇಲೆ ಹೇಳಿದ ಗ್ರೂಪ್ ವಿಧಾನದಲ್ಲಿ ಹಾಕಿ.

ಪ್ರಶ್ನೆ: ಮೈಕ್ರೋಸಾಫ್ಟ್ 365ನಲ್ಲಿ ಈ ಗಡುವು ಎಲ್ಲಿದೆ? ಕಚೇರಿಯ ಸರ್ವರಿನಲ್ಲಿ ಅವಧಿ ಮುಗಿದವರು ಮೇಲ್ ಮಾತ್ರ ಆರಾಮವಾಗಿ ಬಳಸುತ್ತಿದ್ದಾರೆ.

ಉತ್ತರ: ಅಡ್ಮಿನ್ ಸೆಂಟರಿನಲ್ಲಿ ಸೆಟ್ಟಿಂಗ್ಸ್, ಆರ್ಗ್ ಸೆಟ್ಟಿಂಗ್ಸ್, ‘ಸೆಕ್ಯುರಿಟಿ ಅಂಡ್ ಪ್ರೈವೆಸಿ’ ಟ್ಯಾಬ್, ಅದರಲ್ಲಿ ‘ಪಾಸ್‌ವರ್ಡ್ ಎಕ್ಸ್‌ಪಿರೇಶನ್ ಪಾಲಿಸಿ’. ಎಂದಿಗೂ ಮುಗಿಯಬಾರದು ಎಂಬ ಟಿಕ್ ತೆಗೆದರೆ 14ರಿಂದ 730 ದಿನದವರೆಗೆ ಕೊಡಬಹುದು. ಅಲ್ಲಿಂದ ಈಗ ಎಚ್ಚರಿಕೆಯ ಸಂದೇಶ ಹೋಗುವುದಿಲ್ಲ, ಜನರಿಗೆ ನೀವೇ ತಿಳಿಸಬೇಕು.

ನೀವು ಕಂಡದ್ದು ದೋಷವಲ್ಲ. ಸರ್ವರಿನಿಂದ ಕ್ಲೌಡ್‌ಗೆ ಪಾಸ್‌ವರ್ಡ್ ಸಿಂಕ್ ಆಗುವ ವ್ಯವಸ್ಥೆಯಲ್ಲಿ, ಬೇರೆ ಹೇಳದಿದ್ದರೆ, ಕ್ಲೌಡ್ ಕಡೆಯ ಪಾಸ್‌ವರ್ಡಿಗೆ ಗಡುವು ಇರುವುದಿಲ್ಲ. ಸರ್ವರಿನಲ್ಲಿ ಅವಧಿ ಮುಗಿದರೂ ಮೇಲ್ ತೆರೆಯುತ್ತದೆ. ಕೆಲಸ ಬಿಟ್ಟವರ ಪಾಸ್‌ವರ್ಡ್ ಹೇಗೂ ಅವಧಿ ಮುಗಿಯುತ್ತದೆ ಎಂದು ನೆಚ್ಚಿಕೊಂಡಿದ್ದರೆ ಇಂದೇ ಆ ಖಾತೆಗಳನ್ನು ಡಿಸೇಬಲ್ ಮಾಡಿ. ಅವಧಿ ಮುಗಿಯುವುದೂ ಖಾತೆ ಮುಚ್ಚುವುದೂ ಬೇರೆ ಬೇರೆ.

ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರಿನಲ್ಲಿ 90 ದಿನದ ನಿಯಮ ಹಾಕಿದೆ. ಹಳೆಯ ಖಾತೆಗಳಿಗೆ ತಾಗಲೇ ಇಲ್ಲ. ತಾಗಿಸಿದ ಮೇಲೆ ರಾತ್ರಿಯ ಕ್ರಾನ್ ಕೆಲಸಗಳು (ನಿಗದಿತ ಹೊತ್ತಿಗೆ ತಾನಾಗಿ ನಡೆಯುವವು) ನಿಂತವು.

ಉತ್ತರ: ‘ಲಾಗಿನ್ ಡಾಟ್ ಡೆಫ್ಸ್’ ಫೈಲಿನಲ್ಲಿ ಬರೆದ ಸಂಖ್ಯೆ ಮುಂದೆ ಸೃಷ್ಟಿಸುವ ಖಾತೆಗಳಿಗೆ ಮಾತ್ರ. ಇರುವ ಖಾತೆಗೆ ‘ಚೇಜ್’ (ಸಿ, ಎಚ್, ಎ, ಜಿ, ಇ) ಕಮಾಂಡ್ ಬೇಕು. ಅದಕ್ಕೆ ಹೈಫನ್ ಮತ್ತು ಚಿಕ್ಕಕ್ಷರದ ಎಲ್ ಕೊಟ್ಟರೆ ಸ್ಥಿತಿ ತೋರಿಸುತ್ತದೆ, ದೊಡ್ಡಕ್ಷರದ ಎಂ ಕೊಟ್ಟು 90 ಎಂದರೆ ಗರಿಷ್ಠ ಅವಧಿ, ದೊಡ್ಡಕ್ಷರದ ಡಬ್ಲ್ಯು ಕೊಟ್ಟು 7 ಎಂದರೆ ಏಳು ದಿನ ಮೊದಲು ಎಚ್ಚರಿಕೆ. ಚಿಕ್ಕಕ್ಷರದ ಎಂ ಎಂದರೆ ಕನಿಷ್ಠ ಅವಧಿ, ಬೆರಳು ತಪ್ಪಿದರೆ 90 ದಿನ ಯಾರೂ ಪಾಸ್‌ವರ್ಡ್ ಬದಲಿಸಲಾಗದ ಸ್ಥಿತಿ. ದೊಡ್ಡಕ್ಷರದ ಇ ಇನ್ನೂ ಬೇರೆ, ಅದು ಇಡೀ ಖಾತೆಯ ಕೊನೆಯ ದಿನ.

ಪಾಸ್‌ವರ್ಡ್ ಕೊನೆಗೆ ಬದಲಾದ ದಿನವನ್ನು ಲಿನಕ್ಸ್ ‘ಶ್ಯಾಡೋ’ ಫೈಲಿನ ಮೂರನೆಯ ಕಾಲಂನಲ್ಲಿ, 1970ರ ಜನವರಿ 1ರಿಂದ ಎಷ್ಟನೆಯ ದಿನ ಎಂಬ ಸಂಖ್ಯೆಯಾಗಿ ಇಡುತ್ತದೆ. ಎರಡು ವರ್ಷ ಹಳೆಯ ಪಾಸ್‌ವರ್ಡ್ ಇದ್ದ ಖಾತೆಗೆ 90 ಹಾಕಿದ ಕ್ಷಣವೇ ಅದರ ಅವಧಿ ಮುಗಿಯಿತು. ಅವಧಿ ಮುಗಿದ ಖಾತೆಯ ಕ್ರಾನ್ ಕೆಲಸವನ್ನು ಪ್ಯಾಮ್ (ಲಿನಕ್ಸ್‌ನಲ್ಲಿ ಲಾಗಿನ್ ಪರಿಶೀಲಿಸುವ ಭಾಗ) ಶುರುವಾಗಲು ಬಿಡುವುದಿಲ್ಲ. ಲಾಗ್‌ನಲ್ಲಿ ‘ಅಥೆಂಟಿಕೇಶನ್ ಟೋಕನ್ ಈಸ್ ನೋ ಲಾಂಗರ್ ವ್ಯಾಲಿಡ್’ ಎಂಬ ಸಾಲು ಸಿಗುತ್ತದೆ. ಪಾಸ್‌ವರ್ಡ್ ಬಳಸದೆ ಎಸ್‌ಎಸ್‌ಎಚ್ ಕೀ (ದೂರದಿಂದ ಲಾಗಿನ್ ಆಗಲು ಬಳಸುವ ಕೀಲಿ ಫೈಲ್) ಬಳಸುವವರೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ಕೀಲಿ ಸರಿಯಿದ್ದರೂ ಮೊದಲು ಪಾಸ್‌ವರ್ಡ್ ಬದಲಿಸು ಎನ್ನುತ್ತದೆ. ಫೈಲ್ ಕಳಿಸುವ ಸ್ಕ್ರಿಪ್ಟ್‌ಗೆ ಉತ್ತರಿಸಲು ಪರದೆಯೇ ಇಲ್ಲದ್ದರಿಂದ ಅದು ಅಲ್ಲೇ ಬೀಳುತ್ತದೆ.

ಸ್ಕ್ರಿಪ್ಟ್‌ಗಳ ಖಾತೆಗೆ ದೊಡ್ಡಕ್ಷರದ ಎಂ ಜೊತೆ ಮೈನಸ್ 1 ಕೊಟ್ಟು ಗಡುವು ತೆಗೆಯಿರಿ. ಜೊತೆಗೆ ‘ಪಾಸ್‌ಡಬ್ಲ್ಯುಡಿ’ ಕಮಾಂಡಿಗೆ ಹೈಫನ್ ಮತ್ತು ಚಿಕ್ಕಕ್ಷರದ ಎಲ್ ಕೊಟ್ಟು ಆ ಖಾತೆಯ ಪಾಸ್‌ವರ್ಡನ್ನೇ ಲಾಕ್ ಮಾಡಿ, ಕೀಲಿಯಿಂದ ಮಾತ್ರ ಪ್ರವೇಶವಿರಲಿ. ಮಾಡಿದ ಮೇಲೆ ಆ ರಾತ್ರಿಯವರೆಗೆ ಕಾಯದೆ, ಐದು ನಿಮಿಷದ ಮುಂದಕ್ಕೆ ಒಂದು ಪರೀಕ್ಷಾ ಕ್ರಾನ್ ಸಾಲು ಹಾಕಿ ಓಡುತ್ತದೆಯೇ ನೋಡಿ.

ಪ್ರಶ್ನೆ: ರಜೆಯಲ್ಲಿರುವ ಸಹೋದ್ಯೋಗಿಯ ಕಂಪ್ಯೂಟರಿನ ಪಾಸ್‌ವರ್ಡ್ ಅವಧಿ ಮುಗಿದಿದೆ. ಅಡ್ಮಿನ್ ಖಾತೆಯಿಂದ ರೀಸೆಟ್ ಮಾಡಿದರೆ ತೊಂದರೆಯೇ?

ಉತ್ತರ: ಡೊಮೇನ್ ಖಾತೆಯಾದರೆ ಸಾಮಾನ್ಯವಾಗಿ ಇಲ್ಲ. ಸರ್ವರ್ ಇಲ್ಲದ ಕಚೇರಿಯ ಸ್ಥಳೀಯ ಖಾತೆಯಾದರೆ ನಿಲ್ಲಿ. ಬಳಸುವವರೇ ಹಳೆಯ ಪಾಸ್‌ವರ್ಡ್ ಕೊಟ್ಟು ಬದಲಿಸುವುದು ಬೇರೆ, ಹೊರಗಿನಿಂದ ರೀಸೆಟ್ ಮಾಡುವುದು ಬೇರೆ. ರೀಸೆಟ್ ಮಾಡಿದರೆ ವಿಂಡೋಸ್‌ನಲ್ಲಿ ಅವರು ಎನ್‌ಕ್ರಿಪ್ಟ್ ಮಾಡಿದ ಫೈಲುಗಳು, ಉಳಿಸಿದ ಪಾಸ್‌ವರ್ಡುಗಳು, ಖಾಸಗಿ ಸರ್ಟಿಫಿಕೇಟುಗಳು ಕೈತಪ್ಪಬಹುದು, ರೀಸೆಟ್ ಕಿಟಕಿಯೂ ಹಾಗೆಂದು ಎಚ್ಚರಿಸುತ್ತದೆ. ಫೈಲ್ ಬೇಕಾಗಿದ್ದರೆ ಅಡ್ಮಿನ್ ಖಾತೆಯಿಂದಲೇ ಅವರ ಫೋಲ್ಡರ್ ತೆರೆದು ಪ್ರತಿ ಮಾಡಿಕೊಳ್ಳಿ, ಪಾಸ್‌ವರ್ಡನ್ನು ಅವರು ಬಂದ ಮೇಲೆ ಅವರೇ ಬದಲಿಸಿಕೊಳ್ಳಲಿ.